ಕೋಡು, ಕೊಂಬು, ಶೃಂಗ: ಹಾಸನ ಸೀಮೆಯ ನೆಲೆಯಿಂದ ಒಂದು ಪದಚಾರಿತ್ರಿಕ ಪರಿಶೀಲನೆ

ಕೊಂಬು ಶಕ್ತಿಯ ಸಂಕೇತವೆಂಬುದು ಪುರಾಣಾಧ್ಯಯನಗಳಲ್ಲಿ ಬಹುತೇಕ ಪ್ರಶ್ನಾತೀತವಾಗಿ ನಿಂತಿರುವ ಮಾತು. ಮೊಹೆಂಜೊದಾರೊ ಮುದ್ರಿಕೆಯ ಕೋಡುಳ್ಳ ಆಕೃತಿ, ನಂದಿ, ಮಹಿಷಾಸುರ, ಋಷ್ಯಶೃಂಗ, ಮೈಕೆಲೆಂಜೆಲೊ ಕಡೆದ ಮೋಶೆ ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಅವುಗಳಿಗೆ ಒಂದೇ ಗೂಢಾರ್ಥವನ್ನು ಆರೋಪಿಸುವ ಕ್ರಮವೂ ರೂಢಿಯಲ್ಲಿದೆ. ಪ್ರಸ್ತುತ ಲೇಖನದಲ್ಲಿ ನಾವು ವಸ್ತುವಿನಿಂದಲ್ಲ, ಪದದಿಂದ ಹೊರಡುತ್ತೇವೆ. ಕೊಂಬಿನ ಸಂಕೇತಾರ್ಥವನ್ನು ನಿರ್ಧರಿಸುವಲ್ಲಿ ಆಯಾ ಭಾಷೆಯಲ್ಲಿ ಆ ಪದಕ್ಕಿರುವ ಬಂಧುಬಳಗವೇ ಮುಖ್ಯವೆಂಬುದು ನಮ್ಮ ವಾದ.

ಕನ್ನಡದಲ್ಲಿ ಈ ಬಳಗ ಎರಡು ಕವಲಿನದು. 'ಕೋಡು' ಮತ್ತು 'ಕೊಂಬು' ದ್ರಾವಿಡ ಮೂಲದವು. ತಮಿಳಿನಲ್ಲಿಯೂ ಈ ಎರಡೂ ಇವೆ. ತೆಲುಗಿನಲ್ಲಿ ಕೊಂಬಿಗೆ 'ಕೊಮ್ಮು', ಮರದ ಕವಲಿಗೆ 'ಕೊಮ್ಮ'. ಕನ್ನಡದ 'ಕೊಂಬು-ಕೊಂಬೆ' ಜೋಡಿಯಲ್ಲಿ ಇದೇ ಸಂಬಂಧ ಕಾಣುತ್ತದೆ. 'ಕೋಡು' ಪದಕ್ಕೆ ಕೊಂಬು, ಆನೆಯ ದಂತ, ಕೊಂಬೆ, ಬೆಟ್ಟದ ಶಿಖರ ಎಂಬ ಅರ್ಥಗಳಿವೆ. ಸಂಸ್ಕೃತದ 'ಶೃಂಗ'ವಾದರೋ 'ಶಿರಸ್' ಪದದೊಂದಿಗೆ, ಲ್ಯಾಟಿನ್ನಿನ 'ಕೊರ್ನು'ವಿನೊಂದಿಗೆ ಒಂದೇ ಇಂಡೋ-ಯೂರೋಪಿಯನ್ ಧಾತುವಿಗೆ ಸೇರುತ್ತದೆ. ಅಲ್ಲಿ ಕೊಂಬು ತಲೆಯ ನೆಂಟ. ಇಲ್ಲಿ ಕೊಂಬೆಯ ನೆಂಟ. ಶಿಖರವೆಂಬ ಅರ್ಥದಲ್ಲಿ ಮಾತ್ರ 'ಕೋಡು' ಮತ್ತು 'ಶೃಂಗ' ಒಂದನ್ನೊಂದು ಸಂಧಿಸುತ್ತವೆ. ಜಿಂಕೆಯ ಕೊಂಬಿನೊಡನೆ ಹುಟ್ಟಿ, ಅಂಗದೇಶಕ್ಕೆ ಮಳೆ ತಂದ ಋಷ್ಯಶೃಂಗನ ಕಥೆ ಮಲೆನಾಡಿನ ಶೃಂಗೇರಿ-ಕಿಗ್ಗಗಳಲ್ಲಿ ನೆಲೆಯೂರಲು ಈ ಅರ್ಥದ್ವಯವೂ ನೆರವಾಗಿರಬೇಕು.

ಹಾಸನ ಜಿಲ್ಲೆಯಲ್ಲಿ ಈ ಎರಡು ಕವಲುಗಳೂ ಸಾಕ್ಷ್ಯಸಹಿತ ದೊರೆಯುತ್ತವೆ. ಸುಮಾರು ಕ್ರಿ.ಶ. 450ರದೆಂದು ಗಣಿಸಲಾಗುವ ಹಲ್ಮಿಡಿ ಶಾಸನವು ವಿಷ್ಣುಸ್ತುತಿಯ ಒಂದು ಸಂಸ್ಕೃತ ಶ್ಲೋಕದಿಂದ ಆರಂಭವಾಗುತ್ತದೆ. ಅದರಲ್ಲಿ ವಿಷ್ಣುವಿನ ಬಿಲ್ಲಾದ 'ಶಾರ್ಙ್ಗ'ದ ಉಲ್ಲೇಖವಿದೆ. 'ಶೃಂಗದಿಂದಾದುದು' ಎಂಬುದೇ ಆ ಪದದ ವ್ಯುತ್ಪತ್ತಿ. ಕನ್ನಡದ ಪ್ರಾಚೀನ ಶಾಸನದ ಹೊಸ್ತಿಲಲ್ಲಿಯೇ ಕೊಂಬು ಹೀಗೆ ಸಂಸ್ಕೃತದ ವೇಷದಲ್ಲಿ, ದೈವದ ಆಯುಧವಾಗಿ ನಿಂತಿದೆ. ಹಳೇಬೀಡಿನ ಬೃಹತ್ ನಂದಿಗಳು ನೆನಪಿಸುವ ಶೈವ ಆಚರಣೆಯೊಂದರಲ್ಲಿ, ಅಂದರೆ ನಂದಿಯ ಕೊಂಬುಗಳ ನಡುವಿನಿಂದ ಲಿಂಗವನ್ನು ಕಾಣುವ ಕ್ರಮದಲ್ಲಿ, ಭಕ್ತರ ಬೆರಳು ಮುಟ್ಟುವುದು ಕೊಂಬನ್ನಾದರೂ ಆಚರಣೆಯ ಹೆಸರು 'ಶೃಂಗದರ್ಶನ'.

ಇನ್ನೊಂದು ಕವಲು ಹೊಲ-ಹಟ್ಟಿಗಳದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳನ್ನೊಳಗೊಂಡ ಈ ಸೀಮೆ ಹಳ್ಳಿಕಾರ್ ರಾಸುಗಳ ತವರುಗಳಲ್ಲೊಂದು. ಹಿಂದಕ್ಕೆ ಬಾಗಿ ಮೇಲೇರುವ ನೀಳವಾದ ಕೊಂಬುಗಳೇ ಆ ತಳಿಯ ಗುರುತು. ಸಂಕ್ರಾಂತಿಯಂದು ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ರಾಸುಗಳನ್ನು ಕಿಚ್ಚು ಹಾಯಿಸುವ ಸಂದರ್ಭದಲ್ಲಿ 'ಶೃಂಗ'ಕ್ಕೆ ಎಡೆಯಿಲ್ಲ. ಗರ್ವವನ್ನು ಹೇಳುವ 'ಅವನಿಗೇನು ಕೊಂಬು ಮೂಡಿದೆಯೇ?' ಎಂಬ ನುಡಿಯನ್ನೂ ಇಲ್ಲಿ ಗಮನಿಸಬೇಕು. 'ಮೂಡು' ಮೊಳಕೆಗೂ ಸಲ್ಲುವ ಕ್ರಿಯಾಪದ. ಕೊಂಬನ್ನು ಬೆಳೆಯುವ ಕವಲಾಗಿ ಕಂಡ ನೋಟದ ಕುರುಹು ಈ ಕ್ರಿಯಾಪದದಲ್ಲಿ ಉಳಿದಿದೆ.

ಪದವೇ ಸಂಕೇತವನ್ನು ರೂಪಿಸುವುದಕ್ಕೆ ಕನ್ನಡದ ಹೊರಗಿನ ಎರಡು ನಿದರ್ಶನಗಳು ಸಾಕು. ಋಗ್ವೇದದ ನಾಲ್ಕನೆಯ ಮಂಡಲದಲ್ಲಿ ನಾಲ್ಕು ಕೊಂಬುಗಳ ವೃಷಭವೊಂದರ ವರ್ಣನೆಯಿದೆ. ನಿರುಕ್ತದ ಪರಿಶಿಷ್ಟವು ಅದನ್ನು ಯಜ್ಞವೆಂದೂ ಕೊಂಬುಗಳನ್ನು ನಾಲ್ಕು ವೇದಗಳೆಂದೂ ವಿವರಿಸಿದರೆ, ಪತಂಜಲಿಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ವೃಷಭವನ್ನು ಶಬ್ದವೆಂದೂ ಕೊಂಬುಗಳನ್ನು ನಾಮ, ಆಖ್ಯಾತ, ಉಪಸರ್ಗ, ನಿಪಾತಗಳೆಂದೂ ಓದುತ್ತಾನೆ. ಕೊಂಬು ಒಂದೇ, ವ್ಯಾಖ್ಯಾನಿಸುವ ಶಾಸ್ತ್ರ ಬೇರೆಯಾದಂತೆ ಅರ್ಥವೂ ಬೇರೆ. ಎರಡನೆಯದು ವಿಮೋಚನಕಾಂಡ 34:29. ಮೋಶೆಯ ಮುಖ ಹೊಳೆಯಿತೆಂದು ಹೇಳುವ ಹೀಬ್ರೂ ಕ್ರಿಯಾಪದ 'ಕಾರನ್', ಕೊಂಬೆಂಬ ಅರ್ಥದ 'ಕೆರೆನ್' ನಾಮಪದದ ಬಂಧು. ಜೆರೋಮನ ಲ್ಯಾಟಿನ್ ಅನುವಾದ 'ಕೊರ್ನುತಾ', ಅಂದರೆ 'ಕೊಂಬುಳ್ಳ', ಎಂಬ ಪದವನ್ನು ಆರಿಸಿತು. ಶಿಲ್ಪಿಯ ಉಳಿ ಆ ಪದವನ್ನೇ ಅನುಸರಿಸಿತು.

ಇದಕ್ಕೆ ಪ್ರತಿಯಾಗಿ ಮೊಹೆಂಜೊದಾರೊ ಮುದ್ರಿಕೆಯನ್ನು ನೋಡಬಹುದು. 1931ರಲ್ಲಿ ಜಾನ್ ಮಾರ್ಷಲ್ ಆ ಆಕೃತಿಯಲ್ಲಿ ಶಿವನ ಮೂಲರೂಪವನ್ನು ಕಂಡರು. ಆದರೆ ಆ ಲಿಪಿಯನ್ನು ಓದುವ ಸರ್ವಸಮ್ಮತ ಮಾರ್ಗ ಇಂದಿಗೂ ದೊರೆತಿಲ್ಲ. ಅಲ್ಲಿ ಕೊಂಬಿದೆ, ಕೊಂಬನ್ನು ಹೆಸರಿಸುವ ಪದವಿಲ್ಲ. ಆದುದರಿಂದ ಅದು ತಲೆಯ ಕಿರೀಟವೋ ಚಿಗುರುವ ಕೊಂಬೆಯೋ ಎಂಬುದನ್ನು ಆಕಾರವೊಂದರಿಂದಲೇ ನಿರ್ಣಯಿಸಲಾಗದು.

ಪದಕ್ಕಿರುವ ಆಯುಷ್ಯ ವಸ್ತುವಿಗಿಲ್ಲ. ಲೋಹದಿಂದ ಮಾಡಿದ ವಾದ್ಯವೂ 'ಕೊಂಬು' ಆಗಿಯೇ ಉಳಿಯಿತು. ಉಕಾರದ ಗುಣಿತಚಿಹ್ನೆಯನ್ನು ಕನ್ನಡ ಮಕ್ಕಳು ಇಂದಿಗೂ 'ಕೊಂಬು' ಎಂದೇ ಕಲಿಯುತ್ತಾರೆ. ತೆಲುಗಿನಲ್ಲಿಯೂ ಅದು 'ಕೊಮ್ಮು'. ಇಲ್ಲಿ ಶಕ್ತಿಯೂ ಇಲ್ಲ, ಗೂಢಾರ್ಥವೂ ಇಲ್ಲ. ಮುಖ್ಯ ಅಂಗದಿಂದ ಕವಲೊಡೆದ ಬಾಗು ಮಾತ್ರ ಇದೆ. ಕೊಂಬಿನ ಕನ್ನಡ ಅರ್ಥಚರಿತ್ರೆಯನ್ನು ಬರೆಯುವವರು ದೇವಾಲಯದ 'ಶೃಂಗ'ದಷ್ಟೇ ಆಸ್ಥೆಯಿಂದ ಹಟ್ಟಿಯ 'ಕೊಂಬ'ನ್ನೂ ಕಾಗುಣಿತದ 'ಕೊಂಬ'ನ್ನೂ ಸಾಕ್ಷಿಗೆ ಕರೆಯಬೇಕೆಂದು ನಾವು ಭಾವಿಸುತ್ತೇವೆ.