ಬಯಥ್ಲಾನ್ ವಿಶ್ವಕಪ್: ಪುರುಷರ ಮತ್ತು ಮಹಿಳೆಯರ ವಾರಾಂತ್ಯ ಸ್ಪರ್ಧೆಗಳು

ಸ್ಕೀ ಓಟ ಮತ್ತು ರೈಫಲ್ ಗುರಿ ಎರಡೂ ಸೇರಿದ ಚಳಿಗಾಲದ ಕ್ರೀಡೆ ಬಯಥ್ಲಾನ್. ಇದರ ವಿಶ್ವಕಪ್ ಪ್ರತಿವರ್ಷ ಚಳಿಗಾಲದ ಆರಂಭದಿಂದ ಮಾರ್ಚ್‌ವರೆಗೆ ಒಂದೊಂದು ವಾರ ಒಂದೊಂದು ಊರಿನಲ್ಲಿ ನಡೆಯುತ್ತದೆ. ಸ್ವೀಡನ್ನಿನ ಓಸ್ಟರ್ಸುಂಡ್, ಆಸ್ಟ್ರಿಯಾದ ಹೋಖ್‌ಫಿಲ್ಸೆನ್, ಜರ್ಮನಿಯ ರೂಪೋಲ್ಡಿಂಗ್ ಮತ್ತು ಓಬರ್‌ಹೋಫ್, ಇಟಲಿಯ ಆಂಥೋಲ್ಸ್, ನಾರ್ವೆಯ ಹೋಲ್ಮೆನ್‌ಕೋಲೆನ್ ಇದರ ಹಳೆಯ ನೆಲೆಗಳು. ಪುರುಷರು ಮತ್ತು ಮಹಿಳೆಯರು ಒಂದೇ ಊರಿನಲ್ಲಿ, ಒಂದೇ ವಾರಾಂತ್ಯದಲ್ಲಿ, ಒಂದೇ ಗುರಿಕಟ್ಟೆಯಲ್ಲಿ ಸ್ಪರ್ಧಿಸುವುದು ಇಂದು ಸಹಜವೆನಿಸಿದೆ. ಈ ಏರ್ಪಾಡು ಯಾವಾಗಿನಿಂದ ಬಂತು ಎಂಬುದನ್ನು ದಾಖಲೆಗಳು ಒಂದೇ ರೀತಿ ಹೇಳುವುದಿಲ್ಲ.

ಆರಂಭದ ಕಥೆ ಸ್ಪಷ್ಟವಾಗಿದೆ. ಬಯಥ್ಲಾನ್‌ನ ಪೂರ್ವರೂಪವಾದ ಸೈನಿಕ ಗಸ್ತು ಸ್ಪರ್ಧೆ 1924ರ ಶಾಮೊನಿ ಚಳಿಗಾಲದ ಒಲಿಂಪಿಕ್ಸ್‌ನಲ್ಲೇ ಇತ್ತು. ಮೊದಲ ವಿಶ್ವ ಚಾಂಪಿಯನ್‌ಷಿಪ್ 1958ರಲ್ಲಿ ಆಸ್ಟ್ರಿಯಾದ ಜಾಲ್‌ಫೆಲ್ಡನ್‌ನಲ್ಲಿ ನಡೆಯಿತು. 1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿಯಲ್ಲಿ ಬಯಥ್ಲಾನ್ ಒಲಿಂಪಿಕ್ಸ್ ಸೇರಿತು. ಅಲ್ಲಿ ಗೆದ್ದ ಸ್ವೀಡನ್ನಿನ ಕ್ಲಾಸ್ ಲೆಸ್ಟಾಂಡರ್ ಓಟದಲ್ಲಿ ಹಲವರಿಗಿಂತ ಹಿಂದಿದ್ದರು, ಆದರೆ ಇಪ್ಪತ್ತಕ್ಕೆ ಇಪ್ಪತ್ತೂ ಗುಂಡು ಗುರಿಗೆ ತಾಗಿಸಿದ್ದರು. ಆಗ ಗುರಿಗಳು 100ರಿಂದ 250 ಮೀಟರ್ ದೂರದಲ್ಲಿದ್ದವು, ಬಳಸುತ್ತಿದ್ದುದು ಸೈನ್ಯದ ಮಾದರಿಯ ದೊಡ್ಡ ರೈಫಲ್. 1978ರಲ್ಲಿ .22 ಕ್ಯಾಲಿಬರ್‌ನ ಸಣ್ಣ ರೈಫಲ್ ಬಂದು ಗುರಿಯ ದೂರ 50 ಮೀಟರಿಗೆ ಇಳಿಯಿತು. ಸೈನ್ಯದ ಗುರಿಮೈದಾನದಷ್ಟು ಜಾಗ ಇನ್ನು ಬೇಕಾಗಲಿಲ್ಲ. ಈ ಕ್ರೀಡೆ ನಾಗರಿಕರ ಕ್ರೀಡೆಯಾಗಲು, ಪ್ರೇಕ್ಷಕರ ಕಣ್ಣೆದುರೇ ನಡೆಯಲು ಇದೇ ಮುಖ್ಯ ಕಾರಣ.

ಪುರುಷರ ವಿಶ್ವಕಪ್ ಶುರುವಾದದ್ದು 1977–78ರ ಋತುವಿನಲ್ಲಿ. ಮೊದಲ ಒಟ್ಟಾರೆ ಪ್ರಶಸ್ತಿ ಪೂರ್ವ ಜರ್ಮನಿಯ ಫ್ರಾಂಕ್ ಉಲ್ರಿಚ್ ಅವರದು. ಗೊಂದಲವಿರುವುದು ಮಹಿಳೆಯರ ವಿಷಯದಲ್ಲಿ. ಕೆಲವು ಪಟ್ಟಿಗಳು ಮಹಿಳಾ ವಿಶ್ವಕಪ್ಪನ್ನು 1982–83ರಿಂದ ಎಣಿಸುತ್ತವೆ, ಇನ್ನು ಕೆಲವು 1987–88ರಿಂದ. ಎರಡಕ್ಕೂ ಆಧಾರವಿದೆ. 1982–83ರಲ್ಲಿ ಮಹಿಳೆಯರಿಗಾಗಿ ಆರಂಭವಾದ ಸರಣಿಗೆ ‘ಯುರೋಪಿಯನ್ ಕಪ್’ ಎಂಬ ಹೆಸರಿತ್ತು. ಅದು ‘ವಿಶ್ವಕಪ್’ ಆದದ್ದು 1987–88ರಲ್ಲಿ. ಆದರೆ ಹಳೆಯ ಹೆಸರಿನ ಕಾಲದಲ್ಲೂ ಯುರೋಪಿನ ಹೊರಗಿನವರಿಗೆ ಪ್ರವೇಶ ಮುಚ್ಚಿರಲಿಲ್ಲ. ಎರಡನೆಯ ಎಣಿಕೆಯನ್ನು ಒಪ್ಪಿದರೆ ನಾರ್ವೆಯ ಗ್ರಿ ಓಸ್ಟ್‌ವಿಕ್, ಮೆಟ್ಟೆ ಮೆಸ್ಟಾಡ್, ಸಾನ್ನಾ ಗ್ರೋನ್‌ಲಿಡ್, ಸ್ವೀಡನ್ನಿನ ಎವಾ ಕೊರ್ಪೆಲಾ ಇವರು ಚಾಂಪಿಯನ್ನರ ಪಟ್ಟಿಯಿಂದಲೇ ಬಿದ್ದುಹೋಗುತ್ತಾರೆ. ಹೆಸರು ಬದಲಾಯಿತೆಂಬ ಒಂದೇ ಕಾರಣಕ್ಕೆ ಐದು ಋತುಗಳ ಗೆಲುವನ್ನು ಅಳಿಸುವುದು ನ್ಯಾಯವಲ್ಲ. ಆದ್ದರಿಂದ ಈ ಲೇಖನ 1982–83ನ್ನೇ ಆರಂಭವೆಂದು ಹಿಡಿಯುತ್ತದೆ.

ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಇಂಥದೇ ತೊಡಕು. ಮಹಿಳೆಯರ ಮೊದಲ ಚಾಂಪಿಯನ್‌ಷಿಪ್ 1984ರಲ್ಲಿ ಶಾಮೊನಿಯಲ್ಲಿ ನಡೆಯಿತು. ಅಲ್ಲಿಂದ 1988ರವರೆಗೆ ಪುರುಷರದೊಂದು ಊರು, ಮಹಿಳೆಯರದೊಂದು ಊರು. 1986ರಲ್ಲಿ ಪುರುಷರು ಓಸ್ಲೋದಲ್ಲಿ, ಮಹಿಳೆಯರು ಫಾಲುನ್‌ನಲ್ಲಿ ಓಡಿದರು. ಮರುವರ್ಷ ಪುರುಷರು ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿದ್ದರೆ ಮಹಿಳೆಯರು ಫಿನ್ಲೆಂಡಿನ ಲಾಹ್ತಿಯಲ್ಲಿದ್ದರು. ಮಹಿಳೆಯರ ಸ್ಪ್ರಿಂಟ್ ಆಗ ಬರೀ 5 ಕಿ.ಮೀ., ವೈಯಕ್ತಿಕ ಓಟ 10 ಕಿ.ಮೀ. 1989ರಲ್ಲಿ ಆಸ್ಟ್ರಿಯಾದ ಫೈಸ್ಟ್ರಿಟ್ಸ್‌ನಲ್ಲಿ ಇಬ್ಬರ ಚಾಂಪಿಯನ್‌ಷಿಪ್‌ಗಳೂ ಒಂದಾದವು. ಅದೇ ವರ್ಷ ಮಹಿಳೆಯರ ದೂರಗಳು 7.5 ಮತ್ತು 15 ಕಿ.ಮೀ.ಗೆ ಏರಿದವು. ಇತಿಹಾಸ ಬರೆಯುವವರು ಸಾಮಾನ್ಯವಾಗಿ ಮಹಿಳೆಯರಿಗೆ ಒಲಿಂಪಿಕ್ಸ್ ಬಾಗಿಲು ತೆರೆದ 1992ರ ಆಲ್ಬರ್ಟ್‌ವಿಲ್ ಕೂಟವನ್ನು ತಿರುವೆಂದು ಗುರುತಿಸುತ್ತಾರೆ. ಆದರೆ ಆಲ್ಬರ್ಟ್‌ವಿಲ್ ಒಪ್ಪಿದ್ದು ಮೂರು ವರ್ಷ ಮೊದಲೇ ನೆಲೆಗೊಂಡಿದ್ದ ವ್ಯವಸ್ಥೆಯನ್ನು. ನಿಜವಾದ ತಿರುವು ಫೈಸ್ಟ್ರಿಟ್ಸ್.

ಸ್ಥಳಗಳ ದಾಖಲೆಯನ್ನೂ ಎಚ್ಚರದಿಂದ ಓದಬೇಕು. 1990ರ ಚಾಂಪಿಯನ್‌ಷಿಪ್ ಹಿಮದ ಅಭಾವದಿಂದ ಮಿನ್ಸ್ಕ್, ಓಸ್ಲೋ, ಕೊಂಟಿಯೊಲಾಹ್ತಿ ಎಂಬ ಮೂರು ದೇಶಗಳ ಮೂರು ಊರುಗಳಲ್ಲಿ ಹರಿದು ಹಂಚಿಹೋಯಿತು. 1999ರಲ್ಲಿ ಅದಕ್ಕೆ ವಿರುದ್ಧವಾದ ಕಷ್ಟ: ಕೊಂಟಿಯೊಲಾಹ್ತಿಯಲ್ಲಿ ಚಳಿ ಮಿತಿಮೀರಿ, ಉಳಿದ ಸ್ಪರ್ಧೆಗಳು ಹೋಲ್ಮೆನ್‌ಕೋಲೆನ್‌ಗೆ ಹೋದವು. ಒಂದೇ ಊರಿನ ಹೆಸರು ಕೊಟ್ಟು ಮುಗಿಸುವ ಪಟ್ಟಿಗಳು ಇಲ್ಲಿ ದಾರಿ ತಪ್ಪಿಸುತ್ತವೆ.

ವಾರಾಂತ್ಯಕ್ಕೆ ಇಂದಿನ ರೂಪ ಕೊಟ್ಟದ್ದು ಪರ್ಸ್ಯೂಟ್ ಓಟ. ಅದು ಚಾಂಪಿಯನ್‌ಷಿಪ್‌ಗೆ ಬಂದದ್ದು 1997ರಲ್ಲಿ, ಸ್ಲೊವಾಕಿಯಾದ ಓಸ್ರ್ಬ್ಲಿಯೆಯಲ್ಲಿ. ಅದುವರೆಗೆ ಒಂದು ದಿನದ ಓಟಕ್ಕೂ ಮರುದಿನದ ಓಟಕ್ಕೂ ನಂಟಿರಲಿಲ್ಲ. ಸ್ಪ್ರಿಂಟ್‌ನಲ್ಲಿ ಸ್ಪರ್ಧಿಗಳು ಒಬ್ಬೊಬ್ಬರಾಗಿ ಹೊರಡುತ್ತಾರೆ, ಗಡಿಯಾರದ ವಿರುದ್ಧ ಓಡುತ್ತಾರೆ. ಪರ್ಸ್ಯೂಟ್‌ನಲ್ಲಿ ಸ್ಪ್ರಿಂಟ್‌ನ ಮೊದಲ 60 ಮಂದಿ ಆವತ್ತಿನ ಸಮಯದ ಅಂತರವನ್ನೇ ಹೊತ್ತು ಹೊರಡುತ್ತಾರೆ. ಗೆದ್ದವರು ಮೊದಲು, 12 ಸೆಕೆಂಡು ತಡವಾದವರು 12 ಸೆಕೆಂಡು ಬಿಟ್ಟು. ಮೊದಲು ಗೆರೆ ದಾಟಿದವರೇ ವಿಜೇತರಾದ್ದರಿಂದ ನೋಡುವವರಿಗೆ ಲೆಕ್ಕದ ಗೋಜಿಲ್ಲ. ನಾಲ್ಕು ಸಲ ಗುರಿಕಟ್ಟೆಗೆ ಬರಬೇಕು, ಮೊದಲೆರಡು ಸಲ ಮಲಗಿ, ಕೊನೆಯೆರಡು ಸಲ ನಿಂತು. ಮಲಗಿದಾಗ ಗುರಿಯ ಅಗಲ 45 ಮಿ.ಮೀ., ನಿಂತಾಗ 115 ಮಿ.ಮೀ. ಏರು ಹತ್ತಿ ಬಂದ ಏದುಸಿರು ಇಳಿಯುವ ಮೊದಲೇ ಬೆನ್ನಿನ ರೈಫಲ್ ಇಳಿಸಿ, ಗಾಳಿಯ ಬಾವುಟಗಳತ್ತ ಒಮ್ಮೆ ಕಣ್ಣು ಹಾಯಿಸಿ, ಐದು ಗುಂಡು ಹಾರಿಸಬೇಕು. ತಪ್ಪಿದ ಒಂದೊಂದು ಗುಂಡಿಗೂ 150 ಮೀಟರಿನ ದಂಡದ ಸುತ್ತು. ನಿಂತು ಹೊಡೆಯುವ ಕೊನೆಯ ಸರದಿಯಲ್ಲಿ ಮುಂಚೂಣಿಯ ಕ್ರಮ ತಲೆಕೆಳಗಾಗುವುದು ಅಪರೂಪವೇನಲ್ಲ.

ಓಸ್ರ್ಬ್ಲಿಯೆಯಲ್ಲಿ ಮಹಿಳೆಯರ ಪರ್ಸ್ಯೂಟ್ ಗೆದ್ದವರು ಸ್ವೀಡನ್ನಿನ ಮಗ್ದಲೇನಾ ಫೋರ್ಸ್‌ಬರ್ಗ್. ಆ ಋತುವಿನಿಂದ 2002ರವರೆಗೆ ಸತತ ಆರು ಬಾರಿ ಒಟ್ಟಾರೆ ವಿಶ್ವಕಪ್ ಅವರದಾಯಿತು.

ಮುಂದಿನ ಬದಲಾವಣೆಗಳು ಬೇಗಬೇಗ ಬಂದವು. 30 ಮಂದಿ ಒಟ್ಟಿಗೆ ಹೊರಡುವ ಮಾಸ್ ಸ್ಟಾರ್ಟ್ 1999ರಲ್ಲಿ ಚಾಂಪಿಯನ್‌ಷಿಪ್ ಸೇರಿತು. ಮಹಿಳೆಯರೂ ಪುರುಷರೂ ಒಂದೇ ತಂಡದಲ್ಲಿ ಓಡುವ ಮಿಶ್ರ ರಿಲೇಗೆ 2005ರಲ್ಲಿ ರಷ್ಯಾದ ಖಾಂಟಿ-ಮಾನ್ಸಿಸ್ಕ್‌ನಲ್ಲಿ ವಿಶ್ವ ಪ್ರಶಸ್ತಿ ನಿಗದಿಯಾಯಿತು. 2014ರ ಸೋಚಿಯಲ್ಲಿ ಅದು ಒಲಿಂಪಿಕ್ ಸ್ಪರ್ಧೆಯೂ ಆಯಿತು. ಒಬ್ಬ ಮಹಿಳೆ, ಒಬ್ಬ ಪುರುಷ ಸರದಿಯಂತೆ ಓಡುವ ಏಕಜೋಡಿ ಮಿಶ್ರ ರಿಲೇ 2019ರಲ್ಲಿ ಓಸ್ಟರ್ಸುಂಡ್‌ನ ಚಾಂಪಿಯನ್‌ಷಿಪ್‌ಗೆ ಬಂತು.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಓಸ್ಲೋದ ಅಂತಿಮ ವಾರಾಂತ್ಯ ರದ್ದಾಗಿ ಋತು ಕೊಂಟಿಯೊಲಾಹ್ತಿಯಲ್ಲೇ ಮುಗಿಯಿತು. ಫ್ರಾನ್ಸಿನ ಮಾರ್ಟಿನ್ ಫೂರ್ಕಾಡ್ ಅಲ್ಲಿಯೇ ನಿವೃತ್ತರಾದರು. 2025ರ ಮಾರ್ಚ್‌ನಲ್ಲಿ ನಾರ್ವೆಯ ಯೊಹಾನ್ನೆಸ್ ಥಿಂಗ್ನೆಸ್ ಬೋ ಹೋಲ್ಮೆನ್‌ಕೋಲೆನ್‌ನಲ್ಲಿ ವಿದಾಯ ಹೇಳಿದರು. ಅದೇ ವಾರಾಂತ್ಯದ ಕೊನೆಯ ಮಹಿಳಾ ಓಟದಲ್ಲಿ ಜರ್ಮನಿಯ ಫ್ರಾನ್ಸಿಸ್ಕಾ ಪ್ರಾಯ್ಸ್ ಒಟ್ಟಾರೆ ವಿಶ್ವಕಪ್ಪನ್ನು ತಮ್ಮದಾಗಿಸಿಕೊಂಡರು.

ಊರು, ಗುರಿಕಟ್ಟೆ, ಗುರಿಯ ಗಾತ್ರ ಎಲ್ಲವೂ ಈಗ ಇಬ್ಬರಿಗೂ ಒಂದೇ. ಓಟದ ದೂರಗಳು ಮಾತ್ರ ಪೂರ್ತಿ ಸಮನಾಗಿಲ್ಲ: ಪುರುಷರ ರಿಲೇಯಲ್ಲಿ ಒಬ್ಬೊಬ್ಬರ ಪಾಲು 7.5 ಕಿ.ಮೀ., ಮಹಿಳೆಯರದು 6 ಕಿ.ಮೀ.