ನೀರೋನ ಅರಮನೆಯಿಂದ ಕುಶಲಕರ್ಮಿಗಳ ಕೈಗೆ: ಗ್ರೊಟೆಸ್ಕ್ ಅಲಂಕಾರದ ಅಚ್ಚುಹಾಳೆಗಳು

ಸಪೂರ ಬಳ್ಳಿ, ಅದರ ತುದಿಯಲ್ಲಿ ಹೂವಿನ ಬದಲು ಅರ್ಧ ಮನುಷ್ಯ, ರೆಕ್ಕೆಯ ಸಿಂಹ, ಮುಖವಾಡ, ದೀಪಸ್ತಂಭ. ಪ್ರಾಚೀನ ರೋಮಿನ ಭಿತ್ತಿಚಿತ್ರಗಳಿಂದ ಬಂದ ಈ ಗ್ರೊಟೆಸ್ಕ್ ಶೈಲಿ 16ನೇ ಶತಮಾನದಲ್ಲಿ ಯುರೋಪಿನ ಉದ್ದಗಲಕ್ಕೂ ಹಬ್ಬಿತು. ಅದಕ್ಕೆ ದೊಡ್ಡ ನೆರವಾದದ್ದು ತಾಮ್ರದ ತಗಡಿನಿಂದ ಅಚ್ಚಾದ ಹಾಳೆಗಳು.

ಹೂತುಹೋದ ಅರಮನೆ

ಕ್ರಿ.ಶ. 64ರ ಬೆಂಕಿ ಅನಾಹುತದ ಬಳಿಕ ಚಕ್ರವರ್ತಿ ನೀರೋ ರೋಮಿನಲ್ಲಿ ‘ದೋಮುಸ್ ಔರಿಯಾ’ ಅರಮನೆ ಕಟ್ಟಿಸಿದ. ಮುಂದೆ ಅದರ ಕೋಣೆಗಳಿಗೆ ಮಣ್ಣು ತುಂಬಿ, ಮೇಲೆ ಟ್ರಾಜನ್ನನ ಸ್ನಾನಗೃಹಗಳು ಎದ್ದವು. ಸುಮಾರು 1480ರಲ್ಲಿ ಕಲಾವಿದರು ಒಳಗಿಳಿಯತೊಡಗಿದರು. ಮಣ್ಣು ಎತ್ತರಕ್ಕೆ ತುಂಬಿದ್ದರಿಂದ ಚಾವಣಿಯ ಚಿತ್ರಗಳು ಕೈಗೆಟಕುವಷ್ಟು ಹತ್ತಿರ ಸಿಕ್ಕವು. ಅವರು ಅಲ್ಲಿ ಗೀಚಿದ ಹೆಸರುಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಒಂದು ಕೊರೆಚಿತ್ರಕಾರ ನಿಕೊಲೆಟ್ಟೊ ದಾ ಮೊದೆನಾನದು, ಇಸವಿ 1507. ಇಂಥ ಬಳ್ಳಿಗಳನ್ನು ತಗಡಿಗೆ ತಂದ ಮೊದಲಿಗರಲ್ಲಿ ಆತನೂ ಒಬ್ಬ.

ಲೋಕದಲ್ಲಿ ಇಲ್ಲದ ಇಂಥ ಆಕೃತಿಗಳನ್ನು ಬರೆಯುವುದು ತಪ್ಪೆಂದು ಪ್ರಾಚೀನ ವಾಸ್ತುಶಿಲ್ಪಿ ವಿಟ್ರುವಿಯಸ್ ಖಂಡಿಸಿದ್ದ. ಆತನನ್ನು ಗುರುವೆಂದು ಪೂಜಿಸುತ್ತಿದ್ದ ಕಾಲವೇ ಆತ ಬೇಡವೆಂದದ್ದನ್ನು ಅಪ್ಪಿಕೊಂಡಿತು. ಕಣ್ಣೆದುರಿನ ಪ್ರಾಚೀನತೆಗೆ ಗ್ರಂಥಕ್ಕಿಂತ ಹೆಚ್ಚಿನ ಬಲವಿತ್ತು.

ತಗಡು, ಉಳಿ, ಮಸಿ

ತಾಮ್ರದ ಕೊರೆಚಿತ್ರ ಅಕ್ಕಸಾಲಿಗಳ ಕಸುಬಿನಿಂದ ಬೆಳೆದ ಕಲೆ. ಉಳಿಯಿಂದ ಕೊರೆದ ಗೆರೆಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವನ್ನಿಟ್ಟು ಒತ್ತಬೇಕು. ಚಿತ್ರ ಎಡಬಲ ತಿರುವಿ ಮೂಡುತ್ತದೆ. ನಡುಗೆರೆಯ ಎರಡೂ ಕಡೆ ಒಂದೇ ಬಗೆಯಾಗಿ ಹಬ್ಬುವ ಗ್ರೊಟೆಸ್ಕ್‌ಗೆ ಅದರಿಂದ ಅಷ್ಟೇನೂ ನಷ್ಟವಿಲ್ಲ.

ನಷ್ಟವಾದದ್ದು ಬಣ್ಣ ಮತ್ತು ಅಳತೆ. ಈ ಶೈಲಿಗೆ ಆಯುಷ್ಯ ಕೊಟ್ಟದ್ದೇ ಆ ನಷ್ಟವೆಂದು ನನಗನ್ನಿಸುತ್ತದೆ. ಗೋಡೆಯಿಂದ ಬಿಡಿಸಿಕೊಂಡ ಬಳ್ಳಿಯನ್ನು ಬೆಳ್ಳಿ ಕೆಲಸದವನು ಬಟ್ಟಲಿನ ಅಂಚಿಗೆ ಕುಗ್ಗಿಸಬಹುದಿತ್ತು, ಕುಂಬಾರ ತಟ್ಟೆಗೆ ತನ್ನದೇ ಬಣ್ಣದಲ್ಲಿ ಸುತ್ತಬಹುದಿತ್ತು, ಬಡಗಿ ಬಾಗಿಲ ಚೌಕಟ್ಟಿನುದ್ದಕ್ಕೆ ಎಳೆಯಬಹುದಿತ್ತು. ರೋಮನ್ನೇ ಕಾಣದವರಿಗೂ ರೋಮಿನ ರುಚಿ ಹತ್ತಿತು.

ಆಲ್ಪ್ಸ್ ದಾಟಿದ ಬಳ್ಳಿ

ರಾಫೆಲ್ ಮತ್ತು ಜೊವಾನ್ನಿ ದಾ ಉದಿನೆ 1519ರ ಹೊತ್ತಿಗೆ ವ್ಯಾಟಿಕನ್ನಿನ ಮೊಗಸಾಲೆಯನ್ನು ಈ ಶೈಲಿಯಲ್ಲಿ ಸಿಂಗರಿಸಿದರು. 1541ರಲ್ಲಿ ಕೊರೆಚಿತ್ರಕಾರ ಎನೆಯಾ ವಿಕೊನ ಗ್ರೊಟೆಸ್ಕ್ ಹಾಳೆಗಳ ಸರಣಿ ಬಂತು. 1550ರಲ್ಲಿ ಫ್ರಾನ್ಸಿನ ಓರ್ಲಿಯನ್ಸ್‌ನಲ್ಲಿ ಆಂದ್ರೂಎ ದ್ಯು ಸೆರ್ಸೊನದು. ಆ್ಯಂಟ್‌ವರ್ಪ್‌ನ ಕೊರ್ನೆಲಿಸ್ ಫ್ಲೋರಿಸ್ 1550ರ ದಶಕದಲ್ಲಿ ರಚಿಸಿದ ವಿನ್ಯಾಸಗಳಲ್ಲಿ ಕತ್ತರಿಸಿ ಸುರುಳಿ ಸುತ್ತಿದ ಚರ್ಮದಂಥ ಪಟ್ಟಿಗಳು ಬಳ್ಳಿಯನ್ನೇ ಬಿಗಿದು ಕಟ್ಟುತ್ತವೆ. ನೀರೋನ ಗೋಡೆಗಳಲ್ಲಿ ಇಂಥದ್ದಿರಲಿಲ್ಲ.

ರೋಮನ್ನು ಮಾರಿದ ಅಂಗಡಿ

ಅಚ್ಚುಹಾಳೆಗಳಲ್ಲಿ ಹರಡಿದ್ದು ಈ ಬಳ್ಳಿಗಳಷ್ಟೇ ಅಲ್ಲ. ಅತ್ತ ರೋಮಿನಲ್ಲಿ ಪ್ರಕಾಶಕ ಅಂತೋನಿಯೊ ಲಾಫ್ರೇರಿ ಪ್ರಾಚೀನ ಕಟ್ಟಡ, ಶಿಲ್ಪಗಳ ಬಿಡಿ ಹಾಳೆಗಳನ್ನು ಮಾರುತ್ತಿದ್ದ. ಕೊಳ್ಳುವವರು ಬೇಕಾದವನ್ನು ಆರಿಸಿ ಹೊಲಿಸಿಕೊಳ್ಳುತ್ತಿದ್ದರು. ಅದಕ್ಕೇ ‘ಸ್ಪೆಕುಲುಮ್ ರೊಮಾನೆ ಮ್ಯಾಗ್ನಿಫಿಸೆಂಟಿಯೆ’ ಎಂಬ ಆ ಸಂಗ್ರಹದಲ್ಲಿ ಒಂದು ಪ್ರತಿ ಇನ್ನೊಂದರಂತಿಲ್ಲ. 1577ರಲ್ಲಿ ಆತ ತೀರಿಕೊಂಡ ಮೇಲೆ ತಗಡುಗಳು ವಾರಸುದಾರರಿಗೆ ಹಂಚಿಹೋದವು, ಅಚ್ಚು ಮುಂದುವರಿಯಿತು.