ಒಂದು ಗೇರಿಗೆ ಎರಡು ಕ್ಲಚ್

ಮಾಯಕೊಂಡ, ಹರಿಹರ ಕಡೆಯ ಹಳೇ ಲಾರಿ ಡ್ರೈವರ್‌ಗಳು ಒಂದು ಗೇರ್ ಬದಲಿಸೋಕೆ ಎರಡು ಸಲ ಕ್ಲಚ್ ತುಳಿಯುವುದನ್ನು ನೋಡಿರುತ್ತೀರಿ. ಅದು ಬರೀ ಅಭ್ಯಾಸಬಲ ಅಲ್ಲ, ಹಳೇ ಗಾಡಿಗಳು ಕಲಿಸಿದ ವಿದ್ಯೆ.

ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಹಲ್ಲಿನ ಚಕ್ರಗಳು ಸುಲಭಕ್ಕೆ ಕೂಡುವುದಿಲ್ಲ, ಕರಕರ ಅನ್ನುತ್ತವೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಮಷಿನ್‌ಗೆ ಹೆಸರುವಾಸಿಯಾಗಿತ್ತು. ಲೇತ್ ಮೇಲೆ ಕೆಲಸ ಮಾಡಿದವರಿಗೆ ಗೊತ್ತು, ಮಷಿನ್ ನಿಲ್ಲಿಸಿಯೇ ಗೇರ್ ಬದಲಿಸಬೇಕು. ಓಡುವ ಲಾರಿಯನ್ನು ಹಾಗೆ ನಿಲ್ಲಿಸೋಕಾಗುತ್ತದೆಯೇ? ಅದಕ್ಕೇ ಡ್ರೈವರ್ ಕ್ಲಚ್ ತುಳಿದು ನ್ಯೂಟ್ರಲ್ ಮಾಡಿ, ಕ್ಲಚ್ ಬಿಟ್ಟು, ಕೆಳಗಿನ ಗೇರಾದರೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ತುಳಿದು ಗೇರ್ ಹಾಕುತ್ತಿದ್ದ. ಇಂಜಿನ್ ಸದ್ದು ಕೇಳಿಯೇ ವೇಗ ಹೊಂದಿಸುತ್ತಿದ್ದ.

1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಸಿಂಕ್ರೋಮೆಶ್ ಬಂತು. ಹಲ್ಲು ಕೂಡುವ ಮೊದಲೇ ಭಾಗಗಳು ಒಂದಕ್ಕೊಂದು ಉಜ್ಜಿ ವೇಗ ಸಮ ಮಾಡುವ ಏರ್ಪಾಡು ಅದು. ನಮ್ಮ ಹಳೇ ಅಂಬಾಸಿಡರ್‌ನಲ್ಲಿ ಗೇರ್ ಲಿವರ್ ಸ್ಟೇರಿಂಗ್ ಪಕ್ಕದಲ್ಲಿತ್ತು. ಮೊದಲ ಗೇರಿಗೆ ಸಿಂಕ್ರೋಮೆಶ್ ಇರಲಿಲ್ಲ, ಕಾರು ಪೂರ್ತಿ ನಿಂತ ಮೇಲೆಯೇ ಹಾಕಬೇಕಿತ್ತು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರಲ್ಲಿ ಲಿವರ್ ಎರಡು ಸೀಟಿನ ನಡುವೆ ಬಂತು, ಒಂದೇ ಕ್ಲಚ್‌ಗೆ ಗೇರ್ ಬಿತ್ತು.

ಹೀಗೆ ಎರಡನೇ ಕ್ಲಚ್ ಕಾರುಗಳಿಗೆ ಬೇಡವಾಯಿತು. ಆದರೆ ಹಳಬರ ಇನ್ನೊಂದು ಪಾಠ ಹಳತಾಗಿಲ್ಲ: ಹತ್ತಿದ ಗೇರಿನಲ್ಲೇ ಇಳಿಯಬೇಕು. ಆಗುಂಬೆ ಘಾಟಿಯಲ್ಲಿ ಎಣ್ಣೆ ಉಳಿಸೋಕೆ ನ್ಯೂಟ್ರಲ್ ಮಾಡಿದರೆ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ಕಾದ ಬ್ರೇಕ್ ಹಿಡಿಯುವುದಿಲ್ಲ. ಈಗಿನ ಇಂಜೆಕ್ಷನ್ ಇಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಎಣ್ಣೆಯನ್ನು ತಾವೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಿಂದ ಉಳಿತಾಯವೂ ಇಲ್ಲ, ಜೀವಕ್ಕೆ ಭರವಸೆಯೂ ಇಲ್ಲ.